ಸಂತ ಜೋಸೆಫ್ ವಾಜ್: ವಿದ್ಯೆಯ ಉನ್ನತ ಪೀಠದಿಂದ ಬಡವರ ಹೊಸ್ತಿಲಿಗೆ

ಶತಮಾನೋತ್ಸವವನ್ನು ಆಚರಿಸುವ ಧರ್ಮಕೇಂದ್ರವು ತನ್ನ ಹಿರಿಯರನ್ನು ಕೃತಜ್ಞತೆಯಿಂದ ಸ್ಮರಿಸುವುದು ಯೋಗ್ಯವೇ ಆಗಿದೆ. ಇಗರ್ಜಿಯ ಅಸ್ತಿಭಾರಕ್ಕೆ ಕಲ್ಲು ಹೊತ್ತವರನ್ನು, ಗಂಟೆಗೋಪುರಕ್ಕೆ ಹಿಡಿಯಕ್ಕಿ ಕೂಡಿಸಿದವರನ್ನು ನಾವು ನೆನೆಯುತ್ತೇವೆ. ಆದರೆ ಆ ಕಲ್ಲುಗಳಿಗಿಂತ ಎಷ್ಟೋ ಮೊದಲು ಈ ಕರಾವಳಿಯಲ್ಲಿ ಬಾಡುತ್ತಿದ್ದ ವಿಶ್ವಾಸದ ಬಳ್ಳಿಗೆ ನೀರೆರೆದ ಪುಣ್ಯಪುರುಷರೂ ಇದ್ದಾರೆ. ಅವರಲ್ಲಿ ಅಗ್ರಗಣ್ಯರು ಸಂತ ಜೋಸೆಫ್ ವಾಜ್. ಸಿಂಹಳದ ಅಪೊಸ್ತಲರೆಂದು ಲೋಕವೆಲ್ಲ ಅವರನ್ನು ಕೊಂಡಾಡುತ್ತದೆ. ಸಿಂಹಳಕ್ಕೆ ಹೋಗುವ ಮುನ್ನ ಅವರು ನಮ್ಮ ಕೆನರಾ ಸೀಮೆಯಲ್ಲಿ ಮೂರು ವರ್ಷ ದುಡಿದವರೆಂಬುದು ನಮಗೆ ವಿಶೇಷ ಹೆಮ್ಮೆಯ ವಿಷಯ.

ಅವರ ತಪಸ್ಸು, ಪವಾಡಗಳು, ಕಷ್ಟಸಹಿಷ್ಣುತೆ ಇವುಗಳ ವಿಷಯವಾಗಿ ನಾವು ಪ್ರವಚನಗಳಲ್ಲಿ ಆಗಾಗ ಕೇಳಿದ್ದೇವೆ. ಈ ಲೇಖನದಲ್ಲಿ ಅವರ ಜೀವನದ ಇನ್ನೊಂದು ಮುಖವನ್ನು ಓದುಗರ ಮುಂದಿಡಲು ಇಚ್ಛಿಸುತ್ತೇವೆ. ಅದು ವಿದ್ಯೆಯ ಮುಖ. ಇಂದು ಭಟ್ಕಳ, ಹೊನ್ನಾವರ, ಕುಮಟಾಗಳ ಮನೆಮನೆಗಳಲ್ಲಿ ಯಾವ ಶಾಲೆ, ಯಾವ ಕಾಲೇಜು, ಎಷ್ಟು ಅಂಕ ಎಂಬ ಪ್ರಶ್ನೆಗಳು ಸಂಜೆಯ ಜಪಸರದ ಹೊತ್ತಿನಲ್ಲೂ ಮನಸ್ಸನ್ನು ಬಿಡದೆ ಕಾಡುತ್ತಿವೆ. ಹೀಗಿರುವಾಗ, ತಮ್ಮ ಕಾಲದ ಅತ್ಯುನ್ನತ ವಿದ್ಯಾಪೀಠಗಳಲ್ಲಿ ಕಲಿತ ಈ ಸಂತರು ಆ ವಿದ್ಯೆಯನ್ನು ಎಲ್ಲಿಗೆ ಕೊಂಡೊಯ್ದರೆಂಬುದನ್ನು ಅರಿಯುವುದು ನಮಗೆ ಹಿತಕರ.

ಜನನ ಮತ್ತು ವಿದ್ಯಾಭ್ಯಾಸ

ಜೋಸೆಫ್ ವಾಜ್ ಅವರು 1651ರ ಏಪ್ರಿಲ್ 21ರಂದು ಗೋವೆಯ ಸಾಲಸೇಟ್ ಪ್ರಾಂತದ ಬಾಣಾವಲಿ ಗ್ರಾಮದಲ್ಲಿ, ತಾಯಿಯ ತವರೂರಿನಲ್ಲಿ, ಜನಿಸಿದರು. ತಂದೆ ಕ್ರಿಸ್ತೊವಾಂವ್ ವಾಜ್ ಸಾಂಕವಾಳ ಗ್ರಾಮದವರು. ತಾಯಿ ಮರಿಯಾ ಡಿ ಮಿರಾಂದಾ. ಕುಟುಂಬವು ಬ್ರಾಹ್ಮಣ ಮೂಲದ್ದು, ಊರಿನಲ್ಲಿ ಮಾನಮನ್ನಣೆ ಪಡೆದದ್ದು, ಭಕ್ತಿಯಲ್ಲಿಯೂ ಹಿಂದುಳಿದದ್ದಲ್ಲ. ಆರು ಮಕ್ಕಳಲ್ಲಿ ಜೋಸೆಫ್ ಮೂರನೆಯವರು.

ಅಂದಿನ ಗೋವೆಯಲ್ಲಿ ಇಗರ್ಜಿಯ ಪಕ್ಕದಲ್ಲೇ ಶಾಲೆ ನಡೆಯುತ್ತಿತ್ತು. ಅಲ್ಲಿ ಹುಡುಗರು ಜ್ಞಾನೋಪದೇಶ, ಓದುಬರಹ, ಸಂಗೀತಗಳನ್ನು ಕಲಿಯುತ್ತಿದ್ದರು. ಜೋಸೆಫ್ ಸಾಂಕವಾಳದಲ್ಲಿ ಪೋರ್ಚುಗೀಸ್ ಭಾಷೆಯನ್ನೂ ಬಾಣಾವಲಿಯಲ್ಲಿ ಲ್ಯಾಟಿನ್ ಭಾಷೆಯನ್ನೂ ಕಲಿತರು. ಪೋರ್ಚುಗೀಸ್ ಭಾಷೆ ಸರಕಾರದ ಕಚೇರಿಗೆ ದಾರಿ. ಲ್ಯಾಟಿನ್ ಗುರುಪಟ್ಟಕ್ಕೆ ದಾರಿ. ಇಂದು ಇಂಗ್ಲಿಷ್ ಮಾಧ್ಯಮದ ಮೇಲೆ ನಮ್ಮ ತಂದೆತಾಯಂದಿರು ಇಟ್ಟಿರುವ ಭರವಸೆಯನ್ನು ಅಂದಿನ ಗೋವೆಯ ತಂದೆತಾಯಂದಿರು ಆ ಎರಡು ಭಾಷೆಗಳ ಮೇಲೆ ಇಟ್ಟಿದ್ದರು. ಮನೆಯ ಮಾತಾದ ಕೊಂಕಣಿಗೆ ಆ ಗೌರವವಿರಲಿಲ್ಲ.

ಮಗನ ಬುದ್ಧಿಶಕ್ತಿಯನ್ನು ಕಂಡ ತಂದೆ ಅವರನ್ನು ರಾಜಧಾನಿಯಾದ ಗೋವೆ ನಗರಕ್ಕೆ ಕಳುಹಿಸಿದರು. ಯೇಸುಸಭೆಯ ಗುರುಗಳ ಸಂತ ಪೌಲರ ಮಹಾವಿದ್ಯಾಲಯದಲ್ಲಿ ಜೋಸೆಫ್ ಅಲಂಕಾರಶಾಸ್ತ್ರವನ್ನೂ ಮಾನವಿಕ ವಿದ್ಯೆಗಳನ್ನೂ ಅಭ್ಯಸಿಸಿದರು. ಸಂತ ಫ್ರಾನ್ಸಿಸ್ ಝೇವಿಯರರ ನೆನಪಿನಿಂದ ಪಾವನವಾದ ಸಂಸ್ಥೆಯದು; 1556ರಲ್ಲಿ ಭಾರತದ ಮೊದಲ ಮುದ್ರಣಯಂತ್ರ ಕೆಲಸವಾರಂಭಿಸಿದ್ದೂ ಅಲ್ಲಿಯೇ. ತರುವಾಯ ದೊಮಿನಿಕ್ ಸಭೆಯವರ ಸಂತ ತೋಮಸ್ ಅಕ್ವಿನಾಸರ ವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಹಾಗೂ ದೈವಶಾಸ್ತ್ರಗಳನ್ನು ಪೂರೈಸಿದರು. ಆ ಕಾಲದ ಪೂರ್ವದೇಶಗಳಲ್ಲಿ ಒಬ್ಬ ಕ್ರೈಸ್ತ ಯುವಕನಿಗೆ ಇದಕ್ಕಿಂತ ಉನ್ನತವಾದ ವಿದ್ಯಾಭ್ಯಾಸ ಸುಲಭವಾಗಿ ದೊರೆಯುವಂತಿರಲಿಲ್ಲ. 1676ರಲ್ಲಿ ಮಹಾಧರ್ಮಾಧ್ಯಕ್ಷ ಅಂತೋನಿಯೊ ಬ್ರಾಂದಾಂವ್ ಅವರಿಂದ ಅವರಿಗೆ ಗುರುದೀಕ್ಷೆಯಾಯಿತು.

ಮುಚ್ಚಿದ ಬಾಗಿಲುಗಳು

ಇಷ್ಟು ಕಲಿತವರಿಗೆ ಎಲ್ಲ ಬಾಗಿಲುಗಳೂ ತೆರೆದಿದ್ದವೆಂದು ಊಹಿಸಿದರೆ ತಪ್ಪಾದೀತು. ಯೂರೋಪಿನಿಂದ ಬಂದ ಧಾರ್ಮಿಕ ಸಭೆಗಳು ಈ ದೇಶದ ಹುಡುಗರಿಗೆ ತಮ್ಮ ವಿದ್ಯಾಲಯಗಳಲ್ಲಿ ಪಾಠ ಹೇಳುತ್ತಿದ್ದವು. ಆದರೆ ಅವರನ್ನು ತಮ್ಮ ಸದಸ್ಯರನ್ನಾಗಿ ಸಾಮಾನ್ಯವಾಗಿ ಸ್ವೀಕರಿಸುತ್ತಿರಲಿಲ್ಲ. ಸ್ಥಳೀಯ ಗುರುಗಳು ಎಷ್ಟೇ ಪಂಡಿತರಾದರೂ ಬಹುಮಟ್ಟಿಗೆ ಸಹಾಯಕ ಗುರುಗಳಾಗಿಯೇ ಉಳಿಯಬೇಕಾಗಿತ್ತು. ಪರೀಕ್ಷೆಯಲ್ಲಿ ಗೆದ್ದವನು ಮೈಬಣ್ಣದಲ್ಲಿ ಸೋಲುತ್ತಿದ್ದ ಕಾಲವದು.

ಇದಕ್ಕೆ ಒಂದು ಪ್ರಸಿದ್ಧ ನಿದರ್ಶನವುಂಟು. ಗೋವೆಯ ದಿವಾಡಿ ದ್ವೀಪದ ಮತೇವುಸ್ ಡಿ ಕ್ಯಾಸ್ಟ್ರೋ ಎಂಬ ತರುಣನಿಗೆ ಗೋವೆಯಲ್ಲಿ ಗುರುಪಟ್ಟ ದೊರೆಯದೆ ಹೋಯಿತು. ಆತನು ಎದೆಗುಂದದೆ ರೋಮಾಪುರಿಯವರೆಗೆ ಪಯಣಿಸಿ, ಅಲ್ಲಿ ವ್ಯಾಸಂಗ ಮಾಡಿ ಗುರುದೀಕ್ಷೆ ಪಡೆದನು. 1637ರಲ್ಲಿ ಧರ್ಮಾಧ್ಯಕ್ಷ ಪದವಿಗೂ ಏರಿದ ಆತನು ಲ್ಯಾಟಿನ್ ವಿಧಿಯ ಮೊದಲ ಭಾರತೀಯ ಧರ್ಮಾಧ್ಯಕ್ಷ. ಜೋಸೆಫ್ ವಾಜ್ ಅವರ ಪೀಳಿಗೆಯ ಯುವಗುರುಗಳಿಗೆ ಈ ಕಥೆ ತಿಳಿಯದ್ದೇನಲ್ಲ. ಅವಮಾನವನ್ನುಂಡ ವಿದ್ಯಾವಂತನ ಮುಂದೆ ಎರಡು ದಾರಿಗಳಿರುತ್ತವೆ. ಬಾಗಿಲು ತೆರೆಯದವರ ಮೇಲೆ ಜೀವಮಾನವಿಡೀ ಕೋಪಿಸಿಕೊಂಡಿರುವುದು ಒಂದು. ತನಗಿಂತ ಹೊರಗೆ ನಿಂತವರ ಕಡೆಗೆ ತಿರುಗುವುದು ಇನ್ನೊಂದು. ವಾಜ್ ಅವರು ಎರಡನೆಯದನ್ನು ಹಿಡಿದರು.

ಗುರುದೀಕ್ಷೆಯ ಬಳಿಕ ಅವರು ಬರಿಗಾಲಿನಲ್ಲಿ ನಡೆಯತೊಡಗಿದರು. ಪ್ರವಚನಕಾರರೆಂದೂ ಪಾಪನಿವೇದನೆ ಕೇಳುವುದರಲ್ಲಿ ನಿಪುಣರೆಂದೂ ನಗರದ ದೊಡ್ಡವರಲ್ಲೇ ಹೆಸರಾಗಿದ್ದರೂ ಅಲ್ಲಿಯೇ ನೆಲೆಯೂರಲಿಲ್ಲ. ಸಾಂಕವಾಳದಲ್ಲಿ ಒಂದು ಲ್ಯಾಟಿನ್ ಶಾಲೆಯನ್ನು ತೆರೆದು, ಗುರುಮಠಕ್ಕೆ ಸೇರಬಯಸುವ ಹಳ್ಳಿಯ ಹುಡುಗರಿಗೆ ಪಾಠ ಹೇಳಿದರು. ನಗರದ ವಿದ್ಯಾಲಯದ ಬಾಗಿಲಿಗೆ ಹೋಗಲು ಬೇಕಾದ ಭಾಷೆ ಹಳ್ಳಿಯಲ್ಲಿಯೇ ದೊರೆಯಿತು. ಪ್ರವೇಶದ ಬೀಗದ ಕೈ ಯಾವುದೆಂದು ಅರಿತಿದ್ದ ಗುರುಗಳು ಅದನ್ನು ತಮ್ಮ ಸೊಂಟಕ್ಕೆ ಕಟ್ಟಿಕೊಂಡು ತಿರುಗಲಿಲ್ಲ. ಇತರರ ಕೈಗೆ ಕೊಟ್ಟರು.

ನಮ್ಮ ಸೀಮೆಯಲ್ಲಿ ಮೂರು ವರ್ಷ

ಇತ್ತ ನಮ್ಮ ಕರಾವಳಿಯ ಪರಿಸ್ಥಿತಿ ಶೋಚನೀಯವಾಗಿತ್ತು. ಹೊನ್ನಾವರದ ಪೋರ್ಚುಗೀಸ್ ಕೋಟೆ 17ನೆಯ ಶತಮಾನದ ನಡುವಿನಲ್ಲಿ ಕೆಳದಿಯ ಅರಸರ ವಶವಾಗಿತ್ತು. ಕೋಟೆಯೊಂದಿಗೆ ಇಗರ್ಜಿಗಳೂ ಗುರುಗಳ ಆಸರೆಯೂ ಹೋದವು. ಅರಸರಿಗೂ ಪೋರ್ಚುಗೀಸರಿಗೂ 1678ರಲ್ಲಿ ಆದ ಒಪ್ಪಂದದಂತೆ ಮಿರ್ಜಾನ, ಚಂದಾವರ, ಹೊನ್ನಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಲು ಅನುಮತಿ ದೊರೆಯಿತು. ಆಗ ಕೆಳದಿಯನ್ನು ಆಳುತ್ತಿದ್ದವಳು ರಾಣಿ ಚೆನ್ನಮ್ಮಾಜಿ. ಅನುಮತಿಯೇನೋ ದೊರೆಯಿತು, ಜನರ ಬಳಿಗೆ ಹೋಗಿ ದುಡಿಯುವ ಗುರುಗಳು ಬೇಕಾಗಿತ್ತು.

1681ರಲ್ಲಿ ಗೋವೆಯವರು ವಾಜ್ ಅವರನ್ನು ಕೆನರಾ ಸೀಮೆಯ ಮುಖ್ಯಸ್ಥರನ್ನಾಗಿ ನೇಮಿಸಿ ಕಳುಹಿಸಿದರು. ಅವರ ವಯಸ್ಸು ಆಗ ಮೂವತ್ತು. 1684ರವರೆಗೆ ಅವರು ಹೊನ್ನಾವರ, ಬಸರೂರು, ಕುಂದಾಪುರ, ಗಂಗೊಳ್ಳಿ, ಮಂಗಳೂರುಗಳಲ್ಲಿ ಸಂಚರಿಸಿ, ಬಿದ್ದ ಇಗರ್ಜಿಗಳನ್ನು ಎತ್ತಿ ನಿಲ್ಲಿಸಿದರು, ಪ್ರಾರ್ಥನಾಮಂದಿರಗಳನ್ನು ಕಟ್ಟಿಸಿದರು, ಭಕ್ತಸಂಘಗಳನ್ನು ಸ್ಥಾಪಿಸಿದರು, ಮಕ್ಕಳಿಗಾಗಿ ಚಿಕ್ಕ ಶಾಲೆಗಳನ್ನು ತೆರೆದರು. ಶರಾವತಿಯ ಅಳಿವೆಯಿಂದ ನೇತ್ರಾವತಿಯ ಅಳಿವೆಯವರೆಗೆ ಬರಿಗಾಲಿನಲ್ಲಿ ನಡೆದ ಈ ಪಂಡಿತರ ತರಗತಿಗಳಲ್ಲಿ ಅಲಂಕಾರಶಾಸ್ತ್ರವಿರಲಿಲ್ಲ. ಶಿಲುಬೆಯ ಗುರುತು, ಪ್ರಾರ್ಥನೆ, ಅಕ್ಷರ ಇವೇ ಇದ್ದವು. ವರ್ಷಗಟ್ಟಲೆ ಗುರುವಿನ ಮುಖ ಕಾಣದ ಜನರಿಗೆ ಬೇಕಾಗಿದ್ದುದೂ ಅದೇ.

ಅವರನ್ನು ಇಲ್ಲಿ ಬಾಧಿಸಿದ ದೊಡ್ಡ ತೊಡಕು ಅಧಿಕಾರದ ವಿವಾದ. ರೋಮಿನ ಧರ್ಮಪ್ರಸಾರ ಸಂಸ್ಥೆಯ ಮೂಲಕ ನೇಮಕವಾದ ಧರ್ಮಾಧ್ಯಕ್ಷ ತೋಮಸ್ ಡಿ ಕ್ಯಾಸ್ಟ್ರೋ ಅವರು ಮಂಗಳೂರಿನಲ್ಲಿ ನೆಲೆಸಿದ್ದರು. ಮೇಲೆ ಹೇಳಿದ ಮತೇವುಸ್ ಅವರ ಬಂಧುಗಳೇ ಇವರು. ಪೋರ್ಚುಗಲ್ ಅರಸರ ಹಕ್ಕನ್ನು ಎತ್ತಿಹಿಡಿಯುತ್ತಿದ್ದ ಗೋವೆಯವರು ಇವರ ಅಧಿಕಾರವನ್ನು ಒಪ್ಪುತ್ತಿರಲಿಲ್ಲ. ಯಾವ ಗುರು ನೀಡಿದ ಸಂಸ್ಕಾರ ಸಿಂಧು, ಯಾವುದು ಅಸಿಂಧು ಎಂದು ಜನರು ಕಂಗೆಟ್ಟಿದ್ದರು. ಗೋವೆಯ ಪಕ್ಷವನ್ನು ವಹಿಸಲು ಬಂದ ವಾಜ್ ಅವರು ಧರ್ಮಾಧ್ಯಕ್ಷರನ್ನು ಗೌರವದಿಂದ ಕಂಡು, ಜನರ ಆತ್ಮಹಿತವನ್ನೇ ಮುಂದಿಟ್ಟು ರಾಜಿಯ ದಾರಿಯನ್ನು ಹುಡುಕಿದರು. ಯಾವ ವಿದ್ಯಾಲಯದವನು, ಯಾರ ಕಡೆಯವನು ಎಂಬ ಪ್ರಶ್ನೆಗಿಂತ ಸಾಯುತ್ತಿರುವ ಮುದುಕಿಗೆ ಅಂತಿಮ ಸಂಸ್ಕಾರ ದೊರೆಯುವುದೇ ಅವರಿಗೆ ದೊಡ್ಡದಾಗಿತ್ತು.

ಹೊಸ ಮನೆ ಮತ್ತು ಅದರ ಹೊಸ್ತಿಲು

1684ರಲ್ಲಿ ಗೋವೆಗೆ ಹಿಂದಿರುಗಿದ ವಾಜ್ ಅವರು, ಹಳೇ ಗೋವೆಯ ಪವಾಡ ಶಿಲುಬೆಯ ಬೆಟ್ಟದಲ್ಲಿ ಒಟ್ಟಾಗಿ ಬಾಳುತ್ತಿದ್ದ ಕೆಲವು ಸ್ಥಳೀಯ ಗುರುಗಳನ್ನು 1685ರಲ್ಲಿ ಸೇರಿಕೊಂಡರು. ರೋಮಾಪುರಿಯ ಸಂತ ಫಿಲಿಪ್ ನೇರಿಯವರು ಸ್ಥಾಪಿಸಿದ ಒರಾತೋರಿಯನ್ ಸಭೆಯ ಮಾದರಿಯನ್ನು ಇವರು ಅನುಸರಿಸಿದರು. ಪರದೇಶದ ಸಭೆಗಳು ಸೇರಿಸಿಕೊಳ್ಳದಿದ್ದವರು ತಮಗಾಗಿ ತಾವೇ ಒಂದು ಮನೆ ಕಟ್ಟಿಕೊಂಡಂತಾಯಿತು. ಭಾರತೀಯ ಗುರುಗಳು ತಾವೇ ನಡೆಸಿ, ಪರದೇಶಕ್ಕೆ ಧರ್ಮಪ್ರಚಾರಕರನ್ನು ಕಳುಹಿಸಿದ ಈ ಸಭೆಯ ಕೀರ್ತಿ ಸಣ್ಣದಲ್ಲ.

ಆದರೆ ಸತ್ಯವನ್ನು ಪೂರ್ತಿಯಾಗಿ ಹೇಳಬೇಕು. ಬಣ್ಣದ ಕಾರಣದಿಂದ ಹೊರಗುಳಿದವರು ಕಟ್ಟಿದ ಈ ಮನೆಯ ಬಾಗಿಲು ಬ್ರಾಹ್ಮಣ ಮೂಲದ ಕ್ರೈಸ್ತ ಕುಟುಂಬಗಳವರಿಗೆ ಮಾತ್ರ ಮೀಸಲಾಯಿತು. ಇತರ ಮೂಲದ ಕ್ರೈಸ್ತ ಗುರುಗಳು ಬೇರೆಯೇ ಆಶ್ರಯವನ್ನು ಹುಡುಕಬೇಕಾಯಿತು. ತನಗೆ ಮುಚ್ಚಿದ ಬಾಗಿಲಿನ ನೋವನ್ನು ಉಂಡವನೇ ಇನ್ನೊಬ್ಬನಿಗೆ ಬಾಗಿಲು ಮುಚ್ಚುವುದು ಮನುಷ್ಯಸ್ವಭಾವದ ದುರ್ಬಲತೆ. ಸಂತರು ಬಾಳಿದ ಮನೆಯೂ ಅದರಿಂದ ಮುಕ್ತವಾಗಿರಲಿಲ್ಲ. ನಮ್ಮ ಇಂದಿನ ಶಾಲೆಗಳ ವಿಷಯವಾಗಿ ಯೋಚಿಸುವಾಗ ಈ ಒಂದು ಸಂಗತಿಯನ್ನು ಮನದಲ್ಲಿಡುವುದು ಒಳಿತು.

ಸಿಂಹಳದ ಕಾರ್ಯ

1658ರಲ್ಲಿ ಯಾಫ್ನಾ ಪಟ್ಟಣವನ್ನು ಗೆದ್ದ ಡಚ್ಚರು ಸಿಂಹಳದ ತಮ್ಮ ಆಳ್ವಿಕೆಯ ಭಾಗದಲ್ಲಿ ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರು. ಅಲ್ಲಿನ ಕಥೋಲಿಕರ ಅನಾಥಸ್ಥಿತಿಯನ್ನು ಕೇಳಿದ ವಾಜ್ ಅವರು 1686ರಲ್ಲಿ ಗೋವೆಯನ್ನು ಬಿಟ್ಟು, ಜಾನ್ ಎಂಬ ನಂಬಿಕೆಯ ಸೇವಕನೊಡನೆ 1687ರಲ್ಲಿ ಬಡ ಕೂಲಿಯವನ ವೇಷದಲ್ಲಿ ಆ ದ್ವೀಪವನ್ನು ಮುಟ್ಟಿದರು. ಕಾಯಿಲೆಯಿಂದ ಜರ್ಝರಿತರಾಗಿ, ಭಿಕ್ಷೆ ಬೇಡುತ್ತ, ಕೊರಳಿನ ಜಪಸರವನ್ನೇ ಗುರುತಾಗಿಟ್ಟುಕೊಂಡು ಕಥೋಲಿಕರ ಮನೆಗಳನ್ನು ಹುಡುಕಿದರು. ಸಂತ ಪೌಲರ ವಿದ್ಯಾಲಯದ ಪಂಡಿತನು ತಿರುಪೆಯವನಾಗಿ ಬೀದಿಯಲ್ಲಿ ನಿಂತನು.

ಇಲ್ಲಿ ಶಾಲೆಯ ಸಂಗತಿ ಮತ್ತೆ ಎದುರಾಗುತ್ತದೆ. ಡಚ್ಚರು ಊರೂರಿನಲ್ಲಿ ಶಾಲೆಗಳನ್ನು ನಡೆಸುತ್ತಿದ್ದರು. ಜನನ, ವಿವಾಹಗಳ ದಾಖಲೆ ಶಾಲೆಯ ಉಪಾಧ್ಯಾಯನ ಪುಸ್ತಕದಲ್ಲಿರುತ್ತಿತ್ತು. ಆಸ್ತಿಯ ಹಕ್ಕಿಗೂ ಆ ದಾಖಲೆ ಬೇಕಾಗಿತ್ತು. ಸರಕಾರಿ ಪದವಿಗಳು ಡಚ್ಚರ ಸುಧಾರಿತ ಸಭೆಗೆ ಸೇರಿದವರಿಗೇ ಮೀಸಲು. ಸ್ಥಳೀಯ ಪ್ರಮುಖರ ಮಕ್ಕಳನ್ನು ತರಬೇತುಗೊಳಿಸಲು 1690ರಲ್ಲಿ ಯಾಫ್ನಾ ಪ್ರಾಂತದಲ್ಲಿಯೂ 1696ರಲ್ಲಿ ಕೊಲಂಬೊ ನಗರದಲ್ಲಿಯೂ ಉನ್ನತ ಗುರುಮಠಗಳನ್ನು ತೆರೆದರು. ಮಗನ ಭವಿಷ್ಯ ಬೇಕೇ, ವಿಶ್ವಾಸ ಬೇಕೇ ಎಂಬ ಪ್ರಶ್ನೆಯನ್ನು ತಂದೆತಾಯಂದಿರು ಪ್ರತಿದಿನವೂ ಎದುರಿಸಿದರು. ಹಗಲು ಶಾಲೆಗೆ ಹಾಜರಿ ಹಾಕಿ, ಇರುಳಿನಲ್ಲಿ ಮುಚ್ಚಿದ ಮನೆಯೊಳಗೆ ದಿವ್ಯಬಲಿಪೂಜೆಗೆ ಮೊಣಕಾಲೂರಿದ ಕುಟುಂಬಗಳು ಎಷ್ಟೋ. ಅವರನ್ನು ವಾಜ್ ಅವರು ಜರೆಯಲಿಲ್ಲ. ಇರುಳಿನಲ್ಲಿ ಅವರ ಮನೆಗೆ ಬಂದು, ನಸುಕಿನೊಳಗೆ ಹೊರಟುಹೋಗುತ್ತಿದ್ದರು.

1692ರಲ್ಲಿ ಅವರು ಕ್ಯಾಂಡಿ ರಾಜ್ಯವನ್ನು ಪ್ರವೇಶಿಸಿದಾಗ ಪೋರ್ಚುಗೀಸರ ಗೂಢಚಾರರೆಂಬ ಆರೋಪದಿಂದ ಸೆರೆಯಾದರು. ಸೆರೆಮನೆಯನ್ನೇ ಪಾಠಶಾಲೆಯನ್ನಾಗಿ ಮಾಡಿಕೊಂಡು ಸಿಂಹಳ ಭಾಷೆಯನ್ನು ಕಲಿತರು. ತಮಿಳನ್ನೂ ಅಭ್ಯಸಿಸಿದ್ದರು. ನಲವತ್ತರ ವಯಸ್ಸಿನಲ್ಲಿ, ಬಡಜನರ ಮಾತನ್ನು ಅಕ್ಷರದಿಂದ ಕಲಿಯಲು ಕುಳಿತ ಈ ವಿದ್ವಾಂಸರ ವಿನಯ ಸಾಮಾನ್ಯವಾದುದೇ? ಬರಗಾಲದಲ್ಲಿ ಅವರ ಪ್ರಾರ್ಥನೆಯಿಂದ ಮಳೆ ಬಂದಿತೆಂಬ ಘಟನೆಯ ಬಳಿಕ ಅರಸ ವಿಮಲಧರ್ಮಸೂರ್ಯನು ಅವರಿಗೆ ಧರ್ಮಬೋಧೆಯ ಸ್ವಾತಂತ್ರ್ಯವನ್ನು ನೀಡಿದನು. 1697ರಲ್ಲಿ ಸಿಡುಬು ಹಬ್ಬಿ, ರೋಗಿಗಳನ್ನು ಮನೆಯವರೇ ಕಾಡಿನಲ್ಲಿ ಬಿಟ್ಟುಬಂದಾಗ, ವಾಜ್ ಅವರು ಜಾತಿ ಮತ ನೋಡದೆ ಅವರ ವ್ರಣಗಳನ್ನು ತೊಳೆದರು, ಗುಡಿಸಲು ಕಟ್ಟಿ ಗಂಜಿ ಉಣಿಸಿದರು, ಸತ್ತವರನ್ನು ತಮ್ಮ ಕೈಯಾರೆ ಹೂಳಿದರು.

ಗೋವೆಯಿಂದ ಸಹಾಯಕ್ಕೆ ಬಂದ ಗುರುಗಳಲ್ಲಿ 1705ರಲ್ಲಿ ತಲಪಿದ ಜಾಕೊಮೆ ಗೊನ್ಸಾಲ್ವಿಸ್ ಅವರೂ ಗೋವೆಯ ಉನ್ನತ ವಿದ್ಯಾಭ್ಯಾಸ ಪಡೆದವರು. ಅವರು ಸಿಂಹಳ, ತಮಿಳು ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿ, ಸಿಂಹಳದ ಕಥೋಲಿಕ ಸಾಹಿತ್ಯಕ್ಕೆ ತಳಹದಿ ಹಾಕಿದರು. ಧರ್ಮಾಧ್ಯಕ್ಷ ಪದವಿಗೆ ತಮ್ಮ ಹೆಸರು ಬಂದಾಗ ವಾಜ್ ಅವರು ಅದನ್ನು ವಿನಯದಿಂದ ನಿರಾಕರಿಸಿದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಅವರು ಪರಲೋಕವನ್ನು ಸೇರಿದರು. 1995ರ ಜನವರಿ 21ರಂದು ಪೋಪ್ ಎರಡನೆಯ ಜಾನ್ ಪೌಲರು ಅವರನ್ನು ಪುನೀತರೆಂದೂ 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಸಂತರೆಂದೂ ಕೊಲಂಬೊದಲ್ಲಿ ಘೋಷಿಸಿದರು. ಗೋವೆಯಲ್ಲಿ ಜನಿಸಿದ ಮೊದಲ ಸಂತರು ಅವರೇ.

ನಮಗೆ ದೊರೆಯುವ ಪಾಠ

ಈ ಜೀವನವನ್ನು ಓದಿದ ಮೇಲೆ ನಮ್ಮ ಮನೆಗಳ ಕಡೆಗೆ ಒಮ್ಮೆ ನೋಡೋಣ. ನಮ್ಮ ಹಿರಿಯರಲ್ಲಿ ಅನೇಕರಿಗೆ ಅಕ್ಷರವೇ ದುರ್ಲಭವಾಗಿತ್ತು. ಬಳಿಕ ನಮ್ಮ ಧರ್ಮಭಗಿನಿಯರ ಮತ್ತು ಧರ್ಮಗುರುಗಳ ಶಾಲೆಗಳು ಬಂದವು. ಭಟ್ಕಳದಲ್ಲಿ 1919ರಲ್ಲಿ ಹುಟ್ಟಿದ ಅಂಜುಮನ್ ಸಂಸ್ಥೆ, ಕುಮಟಾದ ಗಿಬ್ ಹೈಸ್ಕೂಲು ಮತ್ತು ಡಾ. ಬಾಳಿಗಾ ಕಾಲೇಜು, ಹೊನ್ನಾವರದ ಎಸ್.ಡಿ.ಎಂ. ಕಾಲೇಜು ಇವು ಎಲ್ಲ ಸಮಾಜಗಳ ಮಕ್ಕಳಿಗೂ ದಾರಿ ತೋರಿದವು. ಊರ ಶಾಲೆಯಲ್ಲಿ ಕಲಿತು, ಊರ ಕಾಲೇಜಿನಲ್ಲಿ ಪದವಿ ಪಡೆದು, ಒಳ್ಳೆಯ ಉಪಾಧ್ಯಾಯರೂ ವೈದ್ಯರೂ ಧರ್ಮಗುರುಗಳೂ ಆದವರು ನಮ್ಮ ನಡುವೆ ಇದ್ದಾರೆ.

ಈಗ ಮಾತು ಬೇರೆಯಾಗಿದೆ. ಮಗುವಿಗೆ ಮೂರು ತುಂಬುವ ಮೊದಲೇ ಶಾಲೆಯ ಹೆಸರಿನ ಚಿಂತೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನವೇ ಮಂಗಳೂರು, ಮೂಡಬಿದಿರೆಗಳ ಹೆಸರಾಂತ ಪಿಯು ಕಾಲೇಜುಗಳ ಸೀಟಿಗಾಗಿ ಓಟ. ವೈದ್ಯಕೀಯ ಪ್ರವೇಶಕ್ಕೆ 2016ರಿಂದ ದೇಶಕ್ಕೆಲ್ಲ ನೀಟ್ ಪರೀಕ್ಷೆಯೇ ಆಧಾರವಾದ ಮೇಲೆ ತರಬೇತಿಯ ಶುಲ್ಕವೂ ಸೇರಿಕೊಂಡಿತು. ಕೊಲ್ಲಿ ರಾಷ್ಟ್ರಗಳಲ್ಲಿ ಬೆವರು ಸುರಿಸಿದ ತಂದೆಯ ಉಳಿತಾಯ, ತಾಯಿಯ ಬಂಗಾರ, ಕೆಲವೊಮ್ಮೆ ತೋಟದ ಮೇಲಿನ ಸಾಲ ಎಲ್ಲವೂ ಒಂದು ಸೀಟಿಗೆ ಸಂದಾಯವಾಗುತ್ತವೆ. ಹಣಕ್ಕಿಂತ ಭಾರವಾದದ್ದನ್ನು ಹೊರುವವನು ಮಗ. ಮನೆತನದ ಮಾನವನ್ನು ಹದಿನಾರರ ಹೆಗಲ ಮೇಲೆ ಇರಿಸಿ ವಸತಿನಿಲಯಕ್ಕೆ ಕಳುಹಿಸುತ್ತೇವೆ. ಇಗರ್ಜಿಯ ಅಂಗಳದಲ್ಲಿ ಪೂಜೆ ಮುಗಿದೊಡನೆ ಅವನ ಅಂಕವನ್ನು ಕೇಳುವ ನಾವು ಅವನ ಮುಖವನ್ನು ನೋಡುವುದಿಲ್ಲ.

ಉನ್ನತ ವಿದ್ಯೆಯನ್ನು ಬಯಸುವುದು ಪಾಪವೆಂದು ನಾವು ಹೇಳುತ್ತಿಲ್ಲ. ಕ್ರಿಸ್ತೊವಾಂವ್ ವಾಜ್ ಅವರೂ ಮಗನನ್ನು ತಮ್ಮ ಕಾಲದ ಶ್ರೇಷ್ಠ ವಿದ್ಯಾಲಯಕ್ಕೇ ಕಳುಹಿಸಿದರು. ಆ ವಿದ್ಯೆ ಇಲ್ಲದಿದ್ದರೆ ಸಾಂಕವಾಳದ ಶಾಲೆಯೂ ಇರುತ್ತಿರಲಿಲ್ಲ. ಆದರೆ ಜೋಸೆಫ್ ವಾಜ್ ಅವರನ್ನು ಇಂದು ಯಾರೂ ಸಂತ ಪೌಲರ ಮಹಾವಿದ್ಯಾಲಯದ ವಿದ್ಯಾರ್ಥಿಯೆಂದು ವಂದಿಸುವುದಿಲ್ಲ. ಯಾವ ಬಾಗಿಲಿನಿಂದ ಒಳಹೊಕ್ಕರೆಂಬುದರಿಂದ ಅವರು ದೊಡ್ಡವರಾಗಲಿಲ್ಲ. ಹೊರಬಂದು ಯಾರ ಹೊಸ್ತಿಲಿಗೆ ಹೋದರೆಂಬುದರಿಂದ ದೊಡ್ಡವರಾದರು. ಪಡೆದ ವಿದ್ಯೆ ಋಣ. ಅದು ಪಡೆಯದವರಿಗೆ ಸಲ್ಲಬೇಕಾದ ಋಣ.

ಈ ಮಾತು ಮನೆಗಳಿಗೆ ಹೇಗೋ ನಮ್ಮ ಸಭೆಯ ಶಾಲೆಗಳಿಗೂ ಹಾಗೆಯೇ ಅನ್ವಯಿಸುತ್ತದೆ. ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ಶಾಲೆಗಳನ್ನು ನಡೆಸುವ ಹಕ್ಕನ್ನು ಕೊಟ್ಟಿದೆ. ಬಡಮಕ್ಕಳಿಗೆ ಖಾಸಗಿ ಶಾಲೆಗಳಲ್ಲಿ ನಾಲ್ಕನೆಯ ಒಂದು ಭಾಗ ಸ್ಥಾನಗಳನ್ನು ಮೀಸಲಿಟ್ಟ 2009ರ ಶಿಕ್ಷಣ ಹಕ್ಕು ಕಾಯಿದೆಯು ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಅನ್ವಯಿಸದೆಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಪಿತ್ತಿತು. ಕಾನೂನು ವಿನಾಯಿತಿ ಕೊಟ್ಟರೂ ಸುವಾರ್ತೆ ವಿನಾಯಿತಿ ಕೊಡುವುದಿಲ್ಲ. ಶಾಲೆಯ ಹೆಸರು ಬೆಳೆದಂತೆ, ಫಲಿತಾಂಶದ ಶೇಕಡಾ ಏರಿದಂತೆ, ಮೀನುಗಾರರ ಮಗು, ತೋಟದ ಆಳಿನ ಮಗು, ಕಲಿಕೆಯಲ್ಲಿ ನಿಧಾನವಾದ ಮಗು ಇವರಿಗೆ ಬಾಗಿಲು ಕಿರಿದಾಗುತ್ತಿದೆಯೇ ಎಂದು ನಾವು ನಮ್ಮನ್ನೇ ಕೇಳಿಕೊಳ್ಳಬೇಕು. ಪವಾಡ ಶಿಲುಬೆಯ ಬೆಟ್ಟದ ಮನೆ ಒಂದು ಕಾಲದಲ್ಲಿ ಹೊರಗಟ್ಟಲ್ಪಟ್ಟವರ ಮನೆಯೇ ಆಗಿತ್ತು.

ಶತಮಾನೋತ್ಸವದ ನೆನಪಿಗೆ ಕಮಾನು, ಕಟ್ಟಡಗಳು ಆಗಲಿ; ಬೇಡವೆನ್ನುವುದಿಲ್ಲ. ಅವುಗಳ ಜೊತೆಗೆ ಸಾಂಕವಾಳದ ಮಾದರಿಯ ಒಂದು ಚಿಕ್ಕ ಕೆಲಸವೂ ಆಗಲಿ. ನಮ್ಮಲ್ಲಿ ನಿವೃತ್ತ ಉಪಾಧ್ಯಾಯರಿದ್ದಾರೆ, ಪದವೀಧರ ಯುವಜನರಿದ್ದಾರೆ. ವಾರದಲ್ಲಿ ಎರಡು ಸಂಜೆ ಇಗರ್ಜಿಯ ಸಭಾಭವನದ ದೀಪ ಹಚ್ಚಿ, ಗಣಿತದಲ್ಲೋ ಇಂಗ್ಲಿಷಿನಲ್ಲೋ ಹಿಂದುಳಿದ ಊರಿನ ಯಾವುದೇ ಮಗುವಿಗೆ, ಯಾವ ಮತದವನೆಂದು ಕೇಳದೆ, ಶುಲ್ಕವಿಲ್ಲದೆ ಪಾಠ ಹೇಳುವುದು ಅಸಾಧ್ಯವೇನಲ್ಲ. ಉನ್ನತ ಕಾಲೇಜಿನಲ್ಲಿ ಸೀಟು ಪಡೆದ ನಮ್ಮ ಮಕ್ಕಳು ರಜೆಗೆ ಬಂದಾಗ ಒಂದು ವಾರ ಅಲ್ಲಿ ಕುಳಿತರೆ, ಅವರ ತಂದೆತಾಯಂದಿರು ತೆತ್ತ ಹಣಕ್ಕೆ ನಿಜವಾದ ಬೆಲೆ ಬಂದೀತು. ಸೀಟು ದೊರೆಯದ ಮಗುವೂ ದೇವರ ಕಣ್ಣಿನಲ್ಲಿ ಕಡಿಮೆಯವನಲ್ಲವೆಂಬುದನ್ನು ಆ ದೀಪದ ಬೆಳಕು ಅವನಿಗೆ ತಿಳಿಸೀತು.

ಹೊನ್ನಾವರದ ಮಣ್ಣನ್ನು ಬರಿಗಾಲಿನಿಂದ ತುಳಿದ ಸಂತ ಜೋಸೆಫ್ ವಾಜ್ ಅವರು ನಮ್ಮ ಮಕ್ಕಳಿಗಾಗಿ ದೇವರಲ್ಲಿ ಬಿನ್ನವಿಸಲಿ. ಅವರಿಗೆ ವಿದ್ಯೆಯೂ, ವಿದ್ಯೆಯೊಡನೆ ವಿನಯವೂ, ವಿನಯದೊಡನೆ ಧೈರ್ಯವೂ ದೊರೆಯಲಿ. ತೆರೆದ ಬಾಗಿಲಿನೊಳಗೆ ನಿಂತಿರುವ ನಮಗೆ, ಹೊರಗೆ ನಿಂತವರನ್ನು ಕೈಹಿಡಿದು ಕರೆತರುವ ಮನಸ್ಸನ್ನು ಕರ್ತರು ಕರುಣಿಸಲಿ.